ತಪ್ತಮುದ್ರೆಯೂ ಹೊಸ ಹಚ್ಚೆಯೂ



ಕೃಷ್ಣಾನದಿಯ ದಡದಲ್ಲಿರುವ ಇಂದ್ರಕೀಲಾದ್ರಿಯು ವಿಜಯವಾಡದಲ್ಲಿ ನೆಲೆಸಿರುವ ನಮಗೆಲ್ಲ ಚಿರಪರಿಚಿತ. ಕನಕದುರ್ಗೆಯ ಸನ್ನಿಧಾನವಿರುವ ಈ ಬೆಟ್ಟದಲ್ಲಿಯೇ ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸನ್ನಾಚರಿಸಿದನೆಂದು ಸ್ಥಳಪುರಾಣವು ಹೇಳುತ್ತದೆ. ವಿಜಯನೆಂಬುದು ಆತನ ಹತ್ತು ಹೆಸರುಗಳಲ್ಲಿ ಒಂದು. ಊರಿನ ಹೆಸರಿಗೂ ಅದೇ ಮೂಲವೆಂದು ಹಿರಿಯರ ನಂಬಿಕೆ. ಈ ಬೆಟ್ಟದ ನೆರಳಿನಲ್ಲಿ ನಡೆದ ಸಣ್ಣ ಪ್ರಸಂಗವೊಂದರಿಂದ ಇಂದಿನ ವಿಚಾರವನ್ನು ಆರಂಭಿಸುತ್ತೇವೆ.

ಒಂದು ಆಷಾಢ ಶುದ್ಧ ಏಕಾದಶಿಯಂದು ಸುದರ್ಶನ ಹೋಮವಾಗಿ, ತಪ್ತಮುದ್ರಾಧಾರಣೆಗೆ ಭಕ್ತರು ಸಾಲಾಗಿ ನಿಂತಿದ್ದರು. ಬಳ್ಳಾರಿಯ ಕಡೆಯಿಂದ ಬಂದು ಬಹುಕಾಲದಿಂದ ಇಲ್ಲಿಯೇ ಇರುವ ವೃದ್ಧರೊಬ್ಬರು ಎಡತೋಳನ್ನು ಉತ್ತರೀಯದಿಂದ ಮರೆಮಾಡಿಕೊಂಡಿದ್ದರು. ನಾವು ವಿಚಾರಿಸಲು, ಉತ್ತರೀಯವನ್ನು ಸರಿಸಿ, ತೋಳಿಗೆ ಅಂಟಿಸಿದ್ದ ನಾಣ್ಯದಷ್ಟು ಅಗಲದ ಬಿಲ್ಲೆಯನ್ನು ತೋರಿಸಿದರು. ಅದು ಸಕ್ಕರೆ ರೋಗದವರು ಧರಿಸುವ ಸಾಧನ. ಚರ್ಮದೊಳಗಿನ ದ್ರವದಿಂದ ಸಕ್ಕರೆಯ ಪ್ರಮಾಣವನ್ನು ಅರಿತು, ಬೆಂಗಳೂರಿನಲ್ಲಿರುವ ಮಗಳ ಮೊಬೈಲಿಗೆ ತಿಳಿಸುತ್ತದೆ. 14 ದಿನಗಳಿಗೊಮ್ಮೆ ಬದಲಾಯಿಸಬೇಕು.

“ಆಚಾರ್ಯರೆ, ಶಂಖಮುದ್ರೆ ಬೀಳುವ ತೋಳಿಗೆ ಇದನ್ನು ಅಂಟಿಸಿಕೊಂಡಿದ್ದೇನೆ. ಅಪಚಾರವಾಗುವುದಾದರೆ ತೆಗೆದುಬಿಡಲೆ?” ಎಂದರು.

ಹಿಂದೆ ನಿಂತಿದ್ದ ಮೊಮ್ಮಗ, ಇಂಜಿನಿಯರಿಂಗ್ ಓದುವ ಹುಡುಗ, “ತಾತ, ಇದೂ ಒಂದು ಮುದ್ರೆಯೇ. ಈಗ ಸ್ಮಾರ್ಟ್ ಟ್ಯಾಟೂ ಎನ್ನುವುದನ್ನು ನಮ್ಮ ಪೂರ್ವಿಕರು ಆಗಲೇ ಕಂಡುಹಿಡಿದಿದ್ದರು. ಅಲ್ಲವೆ ಆಚಾರ್ಯರೆ?” ಎಂದನು.

ಮೊದಲನೆಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಿದೆವು. ತೆಗೆಯಬೇಕಾಗಿಲ್ಲ, ಸಾಧನಕ್ಕೆ ಶಾಖ ತಗುಲದಂತೆ ಬೇರೆಡೆಯಲ್ಲಿ ಮುದ್ರೆಯನ್ನು ಧರಿಸಬಹುದು. ಸಾಧನೆಗೆಂದು ಭಗವಂತನು ಕೊಟ್ಟ ದೇಹವನ್ನು ಕಾಪಾಡಿಕೊಳ್ಳುವುದು ಅಪಚಾರವಲ್ಲ. ಸಕ್ಕರೆ ರೋಗದವರಿಗೆ ಸುಟ್ಟ ಗಾಯ ಬೇಗ ಮಾಯುವುದಿಲ್ಲವಾದುದರಿಂದ, ಅಂಥವರು ವೈದ್ಯರನ್ನು ಕೇಳಿ, ಮುದ್ರೆಯನ್ನು ಹಾಕುವವರಿಗೂ ಮುಂಚಿತವಾಗಿ ತಿಳಿಸುವುದು ವಿವೇಕ. ನಿತ್ಯದ ಗೋಪೀಚಂದನದ ಮುದ್ರೆಗಳಂತೂ ಎಲ್ಲ ಕಾಲಕ್ಕೂ ಇದ್ದೇ ಇವೆ.

ಎರಡನೆಯ ಪ್ರಶ್ನೆಯು ವಿಚಾರಾರ್ಹವಾದುದು. 2017ರಲ್ಲಿ ಅಮೆರಿಕೆಯ ಎಂ.ಐ.ಟಿ. ಮತ್ತು ಹಾರ್ವರ್ಡ್ ವಿದ್ವಾಂಸರು ಒಂದು ಬಗೆಯ ಹಚ್ಚೆಯ ಶಾಯಿಯನ್ನು ಸಿದ್ಧಪಡಿಸಿದರು. ಚರ್ಮದೊಳಗಿನ ದ್ರವದಲ್ಲಿ ಸಕ್ಕರೆಯ ಪ್ರಮಾಣ ವ್ಯತ್ಯಾಸವಾದರೆ ಶಾಯಿಯು ನೀಲಿಯಿಂದ ಕಂದಿಗೆ ತಿರುಗುತ್ತದೆ. ಆಮ್ಲಕ್ಷಾರಗಳ ಏರುಪೇರನ್ನು ಇನ್ನೊಂದು ಶಾಯಿಯು ನೇರಳೆ, ಗುಲಾಬಿ ಬಣ್ಣಗಳಿಂದ ತೋರಿಸುತ್ತದೆ. ಅದನ್ನು ಪರೀಕ್ಷಿಸಿದ್ದು ಹಂದಿಯ ಚರ್ಮದ ಮೇಲೆ. ಬುದ್ಧಿಯ ಇಂಥ ಕೌಶಲವೂ ಭಗವಂತನ ವಿಭೂತಿಯೇ ಆದುದರಿಂದ ನಾವು ಅದನ್ನು ಗೌರವಿಸಬೇಕು.

ದೇಹದ ಮೇಲಿನ ಗುರುತುಗಳಾದರೋ ಬಹಳ ಹಳೆಯವು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ಶರೀರದಲ್ಲಿ 61 ಹಚ್ಚೆಗಳಿವೆ. ಅನೇಕ ಗೆರೆಗಳು ಸೊಂಟ, ಮೊಣಕಾಲು, ಕಣಕಾಲುಗಳ ಬಳಿ, ಎಂದರೆ ಸವೆದ ಕೀಲುಗಳ ಸಮೀಪದಲ್ಲಿರುವುದರಿಂದ, ಅವು ನೋವಿನ ಚಿಕಿತ್ಸೆಗಾಗಿ ಇದ್ದಿರಬಹುದೆಂದು ಕೆಲವು ಪಂಡಿತರು ಊಹಿಸುತ್ತಾರೆ. ಅವರು ಅದನ್ನು ಊಹೆಯೆಂದೇ ಕರೆಯುತ್ತಾರೆಂಬುದು ಗಮನಾರ್ಹ. ನಮ್ಮ ಹಳ್ಳಿಗಳ ಹಚ್ಚೆಯನ್ನೂ ಈ ಆಂಧ್ರದ ಪಚ್ಚಬೊಟ್ಟನ್ನೂ ನೀವು ಬಲ್ಲಿರಿ. ಸತ್ತಾಗ ಒಡವೆಗಳು ಹಿಂದುಳಿಯುತ್ತವೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು.

ಆದರೆ ನಮ್ಮ ಶಂಖಚಕ್ರಗಳು ಇವಾವುವೂ ಅಲ್ಲ. ಶ್ರೀಮಧ್ವಾಚಾರ್ಯರ ಸಿದ್ಧಾಂತದಲ್ಲಿ ಭಗವತ್ಸೇವೆಯು ಅಂಕನ, ನಾಮಕರಣ, ಭಜನ ಎಂದು ಮೂರು ವಿಧ. ನಾರಾಯಣನ ಆಯುಧಗಳ ಚಿಹ್ನೆಯನ್ನು ಧರಿಸುವುದು ಅಂಕನ. ಮಕ್ಕಳಿಗೆ ಆತನ ಹೆಸರಿಟ್ಟು ಕರೆಯುವುದು ನಾಮಕರಣ. ಭಜನವು ಹತ್ತು ಬಗೆ: ಸತ್ಯ, ಹಿತ, ಪ್ರಿಯ, ಸ್ವಾಧ್ಯಾಯಗಳು ವಾಕ್ಕಿನಿಂದ, ದಾನ, ಪರಿತ್ರಾಣ, ಪರಿರಕ್ಷಣಗಳು ಕಾಯದಿಂದ, ದಯೆ, ಸ್ಪೃಹೆ, ಶ್ರದ್ಧೆಗಳು ಮನಸ್ಸಿನಿಂದ. ಅಂಕನವು ದಾಸತ್ವದ ಗುರುತು. ಅದರಲ್ಲಿ ರಹಸ್ಯವಾದ ವೈದ್ಯಯಂತ್ರವೊಂದು ಅಡಗಿದೆಯೆಂದು ಶಾಸ್ತ್ರವು ಹೇಳಿಲ್ಲ. ಇಲ್ಲದ ಯಂತ್ರವನ್ನು ಕಲ್ಪಿಸಿ ಹಿರಿಯರನ್ನು ಹೊಗಳಿದರೆ, ಅವರು ನಿಜವಾಗಿ ಕೊಟ್ಟುದನ್ನೇ ಕಡೆಗಣಿಸಿದಂತಾಗುತ್ತದೆ. ಪ್ರಯೋಗಶಾಲೆಯ ಪ್ರಮಾಣಪತ್ರ ದೊರೆತ ಮೇಲೆ ಮಾತ್ರ ಮುದ್ರೆಗೆ ತೋಳೊಡ್ಡುವೆನೆಂಬುವನ ಶ್ರದ್ಧೆ, ನಾಳೆ ಆ ಪತ್ರವು ಸುಳ್ಳಾದರೆ ಎಲ್ಲಿ ನಿಲ್ಲುತ್ತದೆ?

ಯಂತ್ರವು ನಮ್ಮ ದೇಹದ ಸ್ಥಿತಿಯನ್ನು ನಮಗೆ ತಿಳಿಸುತ್ತದೆ. ಮುದ್ರೆಯಾದರೋ ನಾವು ಯಾರವರೆಂಬುದನ್ನು ನೆನಪಿಸುತ್ತದೆ. ಎರಡಕ್ಕೂ ತೋಳಿನಲ್ಲಿ ಸ್ಥಳವಿದೆ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಬಾರದು, ಅಷ್ಟೆ.

ಇಲ್ಲಿ ಈ ಬೆಟ್ಟದ ತಪಸ್ವಿಯನ್ನೇ ನೆನೆಯೋಣ. ಅಜ್ಞಾತವಾಸಕ್ಕೆ ಹೊರಡುವಾಗ ಅರ್ಜುನನಿಗೆ ಒಂದು ಚಿಂತೆಯಿತ್ತು. ಬಿಲ್ಲಿನ ಹೆದೆಯು ಬಡಿದು ಬಡಿದು ಅವನ ಎರಡೂ ತೋಳುಗಳು ಜಡ್ಡುಗಟ್ಟಿದ್ದವು. ಅವನ್ನು ಬಚ್ಚಿಡುವುದು ಕಷ್ಟವಾಗಿತ್ತು. ಬಳೆಗಳನ್ನು ತೊಟ್ಟು ಮರೆಮಾಡುವೆನೆಂದು ಧರ್ಮರಾಜನಿಗೆ ಹೇಳಿ, ಬೃಹನ್ನಳೆಯಾಗಿ ವಿರಾಟನ ಅರಮನೆಯನ್ನು ಸೇರಿದನು. ಆ ಗುರುತನ್ನು ಯಾರೂ ಅವನಿಗೆ ಒತ್ತಿರಲಿಲ್ಲ. ನಿತ್ಯದ ಅಭ್ಯಾಸವೇ ಬರೆದಿತ್ತು.

ತಪ್ತಮುದ್ರೆಯ ಗುರುತು ಕೆಲವು ವಾರಗಳಲ್ಲಿ ಮಾಸುತ್ತದೆ. ಮುಂದಿನ ಆಷಾಢದವರೆಗೆ ಉಳಿಯಬೇಕಾದುದು ಅಭ್ಯಾಸದ ಗುರುತು. ಹತ್ತು ಭಜನಗಳಲ್ಲಿ ಒಂದನ್ನಾದರೂ ಅರ್ಜುನನು ಹೆದೆಯನ್ನೆಳೆದಂತೆ ದಿನದಿನವೂ ಎಳೆದರೆ, ಅದು ನಡತೆಯಲ್ಲಿ ಜಡ್ಡುಗಟ್ಟುತ್ತದೆ. ಪರವೂರಿನಲ್ಲಿ, ಆಫೀಸಿನ ಅಂಗಿಯ ತೋಳಿನೊಳಗೆ ಮುದ್ರೆಯನ್ನು ಮುಚ್ಚಿಕೊಳ್ಳಬೇಕಾಗಿ ಬಂದವರು ಕೊರಗಬೇಕಾಗಿಲ್ಲ. ಅರ್ಜುನನೂ ಒಂದು ವರ್ಷ ಬಳೆ ತೊಟ್ಟನು. ಉತ್ತರನ ರಥದಲ್ಲಿ ಗಾಂಡೀವವನ್ನು ಹಿಡಿಯಬೇಕಾಗಿ ಬಂದಾಗ ಅವನ ತೋಳು ಮರೆತಿರಲಿಲ್ಲ.

ಆ ವೃದ್ಧರು ಮುದ್ರೆಯನ್ನು ಧರಿಸಿ ಬಂದು, ನಮ್ಮ ಬಳಿ ಕುಳಿತು, “ನನ್ನ ಸಕ್ಕರೆ ಏರಿದರೆ ಮಗಳಿಗೆ ಕೂಡಲೇ ಗೊತ್ತಾಗುತ್ತದೆ. ಊರಿನ ಮನೆಯ ಪಾಲಿನ ವಿಷಯಕ್ಕೆ ಒಡಹುಟ್ಟಿದ ತಮ್ಮನೊಡನೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದೇನೆ. ಅದು ಯಾವ ಬಿಲ್ಲೆಗೂ ಗೊತ್ತಾಗಲಿಲ್ಲ” ಎಂದರು. ಪ್ರಿಯವಾದ ಮಾತೂ ಭಜನವೇ ಎಂದಷ್ಟೇ ನಾವು ಹೇಳಿದೆವು. ದ್ವಾದಶಿಯ ಪಾರಣೆಯಾದ ಮೇಲೆ ತಾತ ಊರಿಗೆ ಫೋನು ಮಾಡಿದರೆಂದು ಆ ಹುಡುಗನೇ ಬಂದು ತಿಳಿಸಿದನು. ಪಾಲಿನ ವ್ಯಾಜ್ಯ ಮುಗಿದಿಲ್ಲ. ಮಾತು ಮಾತ್ರ ಆರಂಭವಾಗಿದೆ.

ಸಜ್ಜನರೆ, ಮಕ್ಕಳು ಕೇಳಿದಾಗ ಇಲ್ಲದ ವಿಜ್ಞಾನವನ್ನು ಹೇಳದೆ, ಇರುವ ಅರ್ಥವನ್ನು ತಿಳಿಸೋಣ. ತೋಳಿನ ಶಂಖಚಕ್ರಗಳಿಗೆ ತಕ್ಕ ನಡೆನುಡಿಗಳನ್ನು ಹರಿವಾಯುಗುರುಗಳು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥