ಹಾಜರಿ ಎಂಬ ಸಾಕ್ಷಿ

ತರಗತಿಗೆ ಬಾರದ ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ಹೊರಗಿಡುವುದು ನ್ಯಾಯವೇ? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ರೂಢಿಯಲ್ಲಿರುವ ಉತ್ತರ ಒಂದು ಅಂಕಿ: ಶೇಕಡಾ 75. ಮನ್ನಳ್ಳಿಯಂಥ ಊರುಗಳಿಂದ ಬಸ್ಸು ಹಿಡಿದು ಬೀದರಿಗೆ ಬಂದು ಬಿ.ಎಸ್ಸಿ. ಸಸ್ಯಶಾಸ್ತ್ರ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಅಂಕಿಯ ಬಗ್ಗೆ ಯೋಚಿಸುತ್ತೇನೆ.

ವಾರಕ್ಕೊಂದು ಪ್ರಾಯೋಗಿಕ ತರಗತಿ, ಸೆಮಿಸ್ಟರಿಗೆ 16 ವಾರ ಎಂದು ಹಿಡಿಯೋಣ. ನಾಲ್ಕನ್ನು ತಪ್ಪಿಸಬಹುದು, ಐದನೆಯದನ್ನು ತಪ್ಪಿಸುವಂತಿಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಹೆಸರು, ಉದ್ದಿನ ರಾಶಿ ಬರುತ್ತದೆ, ಅದರ ಬೆನ್ನಿಗೇ ಸೋಯಾ, ನಡುವೆ ತೊಗರಿಯ ಕಳೆ. ಆಳು ಸಿಗದ ಮನೆಯಲ್ಲಿ ನಾಲ್ಕು ವಾರ ಹೋದದ್ದೇ ಗೊತ್ತಾಗುವುದಿಲ್ಲ.

ವಿಚಿತ್ರವೆಂದರೆ, ಗೈರುಹಾಜರಾದ ಆ ಹುಡುಗಿ ಗಿಡಗಳ ನಡುವೆಯೇ ಇರುತ್ತಾಳೆ. ತೊಗರಿ ಗಿಡವನ್ನು ಹುಷಾರಾಗಿ ಕಿತ್ತರೆ ಬೇರಿನಲ್ಲಿ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ, ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸದಲ್ಲಿದೆ ಎಂದರ್ಥ. ಅದೇ ಹೊತ್ತಿನಲ್ಲಿ ಲ್ಯಾಬಿನಲ್ಲಿ ಕೂತವನು ಸೀನಿಯರ್ ಒಬ್ಬರ ರೆಕಾರ್ಡಿನಿಂದ ಅದೇ ಗಂಟಿನ ಚಿತ್ರ ನಕಲು ಮಾಡುತ್ತಿರಬಹುದು. ಅವನಿಗೆ ಅಂಕ, ಅವಳಿಗೆ ಗೈರು.

ಹಾಗಾದರೆ ನಿಯಮವನ್ನು ಕಿತ್ತುಹಾಕೋಣವೇ? ನನಗೆ ಹಾಗನ್ನಿಸುವುದಿಲ್ಲ. ಕಳೆ ಕೀಳುವುದೇ ಸಸ್ಯಶಾಸ್ತ್ರವಲ್ಲ. ಗಂಟನ್ನು ಸೀಳಿ ನೋಡಬೇಕೆಂಬ ಪ್ರಶ್ನೆ ಹುಟ್ಟುವುದಕ್ಕೆ ಯಾರಾದರೂ ಕಲಿಸಿರಬೇಕು. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ಒಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿಯೇ ನೋಡಬೇಕು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ‘ಇವತ್ತು ಹೋಗಬ್ಯಾಡ’ ಎನ್ನುವ ಮನೆಯಲ್ಲಿ ಓದುವ ಆಸೆ ಒಂದು ವಾದವೇ ಅಲ್ಲ. ‘ಹಾಜರಿ ಕಮ್ಮಿ ಆದ್ರ ಪರೀಕ್ಷಾಕ್ಕ ಕೂಡಸಂಗಿಲ್ಲಪ್ಪ’ ಎಂಬುದು ವಾದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಚಾರ್ಜಿನ ನೆಪ ಹೋಯಿತು, ಹೊಲದ ನೆಪ ಉಳಿಯಿತು. ನಿಯಮ ಸಡಿಲವಾದರೆ ಮೊದಲು ಹೊಲಕ್ಕೆ ಹೋಗುವವಳು ಮಗಳು. ಅವಳನ್ನು ಶಿಕ್ಷಿಸುವ ನಿಯಮವೇ ಅವಳನ್ನು ಕಾಯುತ್ತಲೂ ಇದೆ.

ಆದರೆ ಹಾಜರಿ ಎರಡೂ ಕಡೆಯವರ ಮಾತು. 2021ರ ಡಿಸೆಂಬರಿನಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದಾಗ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠಕ್ಕೆ ಪೆಟ್ಟು ಬಿತ್ತು. ಅವರ ಬೇಡಿಕೆ ನ್ಯಾಯವಾದದ್ದೇ. ಖಾಯಂ ಅಧ್ಯಾಪಕರನ್ನು ನೇಮಿಸದ ವ್ಯವಸ್ಥೆಯ ಗೈರನ್ನು ಮಾತ್ರ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಉತ್ತರದ ಸುಳಿವು ಸಸ್ಯಶಾಸ್ತ್ರದಲ್ಲೇ ಇದೆ. ಒಣಗಿಸಿ ಅಂಟಿಸಿದ ಗಿಡದ ಹರ್ಬೇರಿಯಂ ಹಾಳೆಗೆ ಬೆಲೆ ಬರುವುದು ಮೂಲೆಯ ಚೀಟಿಯಿಂದ: ಗಿಡದ ಹೆಸರು, ಸಿಕ್ಕ ಜಾಗ, ದಿನಾಂಕ, ಸಂಗ್ರಹಿಸಿದವರ ಹೆಸರು. ಈ ದಿನ, ಈ ಜಾಗದಲ್ಲಿ, ಈ ಗಿಡದ ಎದುರು ನಾನಿದ್ದೆ ಎಂಬ ಸಾಕ್ಷಿ ಅದು. ರಾಶಿಯ ವಾರಗಳಲ್ಲಿ ತಪ್ಪಿದ ಒಂದೆರಡು ತರಗತಿಗಳಿಗೆ ಬದಲಾಗಿ, ಮನ್ನಳ್ಳಿಯ ಹೊಲದಲ್ಲಿ ದಿನಾಂಕ ಹಾಕಿ ಬರೆದ ಟಿಪ್ಪಣಿ, ಕೈಯಾರೆ ಬಿಡಿಸಿದ ಚಿತ್ರ ತಂದವಳಿಗೆ ಅಧ್ಯಾಪಕರು ಐದು ನಿಮಿಷ ಪ್ರಶ್ನೆ ಕೇಳಲಿ. ಇದು ರಿಯಾಯಿತಿಯಲ್ಲ. ನಕಲು ರೆಕಾರ್ಡಿಗೆ ಸಹಿ ಹಾಕುವುದಕ್ಕಿಂತ ಇಬ್ಬರಿಗೂ ಕಷ್ಟದ ಕೆಲಸ. ಲ್ಯಾಬಿನಲ್ಲಿ ಕೂತವನಿಗೂ ಅದೇ ಐದು ನಿಮಿಷದ ಪ್ರಶ್ನೆ ಇರಲಿ.