ಮನೆಗಂದಾಯವೂ ದಾಸೋಹವೂ

ಕಾಯಕವಿಲ್ಲದೆ ಉಣ್ಣಲಾಗದೆಂಬುದು ಶರಣರ ಕಟ್ಟಳೆ. ಆದರೆ ಮುಪ್ಪಿನಿಂದ ಕೈ ಸೋತವನೂ ಅಂಗವೈಕಲ್ಯದಿಂದ ದುಡಿಯಲಾರದವನೂ ಏನು ಮಾಡಬೇಕು? ಅಂಥವನಿಗೆ ಸ್ವಂತ ಮನೆಯೊಂದಿದೆ, ಆದಾಯವಿಲ್ಲ. ಊರು ಬೆಳೆದಂತೆ ಮನೆಯ ಬೆಲೆ ಏರುವುದು, ಅದರೊಡನೆ ಕಂದಾಯವೂ ಏರುವುದು. ಗೋಡೆಯ ಬೆಲೆ ಹೆಚ್ಚಿದ ಮಾತ್ರಕ್ಕೆ ಗಡಿಗೆಯಲ್ಲಿ ಅಕ್ಕಿ ಹೆಚ್ಚುವುದಿಲ್ಲ. ಇಂಥವನಿಗೆ ತೋರುವ ರಿಯಾಯಿತಿಯು ಭಿಕ್ಷೆಯೋ, ದಾಸೋಹವೋ?

ಎರಡು ಏರ್ಪಾಡುಗಳನ್ನು ನೋಡೋಣ. ದೆಹಲಿಯ ಮಹಾನಗರಪಾಲಿಕೆಯು ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಅವರೇ ವಾಸಿಸುವ ಒಂದು ಮನೆಯ ಮೇಲೆ, 200 ಚದರ ಮೀಟರುಗಳ ಮಿತಿಯೊಳಗೆ, ಶೇಕಡ 30ರಷ್ಟು ತೆರಿಗೆಯನ್ನು ಬಿಡುತ್ತದೆ. ಅಮೆರಿಕದ ಆರಿಗನ್ ರಾಜ್ಯದ ಮಾರ್ಗ ಬೇರೆ. 1963ರಲ್ಲಿ ವೃದ್ಧರಿಗಾಗಿ ಆರಂಭವಾಗಿ ಮುಂದೆ ಅಂಗವಿಕಲರಿಗೂ ವಿಸ್ತರಿಸಿದ ಅಲ್ಲಿಯ ಯೋಜನೆಯಂತೆ, ಆದಾಯವು ಗೊತ್ತಾದ ಮಿತಿಯೊಳಗಿರುವವರ ತೆರಿಗೆಯನ್ನು ರಾಜ್ಯ ಸರ್ಕಾರವೇ ಕಟ್ಟುತ್ತದೆ. ಅವರು ತಮ್ಮ ಮನೆಯಲ್ಲಿ ನೆಮ್ಮದಿಯಿಂದ ಬಾಳುತ್ತಾರೆ. ಮನೆಯನ್ನು ಮಾರಿದಾಗ ಅಥವಾ ಅವರು ಕಾಲವಾದಾಗ ಆ ಹಣವು ಬಡ್ಡಿಯೊಡನೆ ಮರಳಬೇಕು.

ಬೀದಿಯ ದೀಪವೂ ಚರಂಡಿಯೂ ಜನರ ತೆರಿಗೆಯಿಂದಲೇ ನಡೆಯತಕ್ಕವು. ಒಬ್ಬನಿಗೆ ಬಿಟ್ಟ ಭಾರವನ್ನು ಮತ್ತೊಬ್ಬನು ಹೊರಬೇಕಾಗುತ್ತದೆ. ಆ ಮತ್ತೊಬ್ಬನು ಸ್ವಂತ ಸೂರೇ ಇಲ್ಲದೆ ಬಾಡಿಗೆಯ ಮೂಲಕ ತೆರಿಗೆ ತೆರುವ ಬಡವನೂ ಆಗಿರಬಹುದು. ಆದುದರಿಂದ ಕೊಡುವವರಂತೆ ಪಡೆಯುವವರಿಗೂ ಧರ್ಮವುಂಟು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿಯು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳು. ಆ ಅಕ್ಕಿಯು ಕದ್ದುದಲ್ಲ, ಆಯಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ಅಗತ್ಯವನ್ನು ಮೀರಿದ್ದು ತಮ್ಮದಲ್ಲವೆಂದು ಆಕೆ ಬಗೆದಳು.

ಈ ಅಳತೆಯಿಂದ ನೋಡಿದರೆ ಉತ್ತರವು ಸ್ಪಷ್ಟ. ಬಾಳೆಲ್ಲ ದುಡಿದು ಊರನ್ನು ಬೆಳೆಸಿ ಈಗ ಕೈ ಸೋತವನಿಗೆ ರಿಯಾಯಿತಿಯು ಭಿಕ್ಷೆಯಲ್ಲ, ಅದು ಸಮಾಜವು ಸಲ್ಲಿಸಬೇಕಾದ ದಾಸೋಹ. ಹುಟ್ಟಿನಿಂದಲೇ ದುಡಿಯಲಾರದವನಿಗೂ ಅದು ಸಲ್ಲಬೇಕು. ಶಕ್ತಿಯಿದ್ದವನಿಗೆ ಮಾತ್ರವೇ ಕಾಯಕದ ಕಟ್ಟಳೆಯಲ್ಲವೆ? ಅವನು ನಾಚಬೇಕಾದುದಿಲ್ಲ. ಆದರೆ ಸಿರಿಯುಳ್ಳವನು ವಯಸ್ಸೊಂದನ್ನೇ ನೆವಮಾಡಿ ಪಡೆದರೆ ಅದು ಹೆಚ್ಚಿನ ಅಕ್ಕಿ. ಕಾನೂನು ವಯಸ್ಸನ್ನು ಮಾತ್ರ ಕೇಳಬಹುದು, ಅಗತ್ಯವನ್ನು ಕೇಳಬೇಕಾದುದು ನಮ್ಮ ಅಂತರಂಗ.

ಗೃಹಸ್ಥರಿಗೆ ಇನ್ನೊಂದು ಮಾತು. ತಂದೆತಾಯಿಗಳು ಮನೆಯ ಮೇಲೆ ಋಣವನ್ನಿರಿಸಿ ಬಾಳಿದರೆಂದು ಮಕ್ಕಳು ಗೊಣಗಬಾರದು. ಹೆತ್ತವರನ್ನು ಕೊನೆಯವರೆಗೂ ನೆರಳಿನಲ್ಲಿರಿಸಿದ ಮನೆಯು ತನ್ನ ಕಾಯಕವನ್ನು ಪೂರೈಸಿತು. ಆ ಋಣವು ಬೇಡವೆನಿಸಿದರೆ, ಅವರ ಕಂದಾಯವನ್ನು ಅವರು ಕೇಳುವ ಮೊದಲೇ ಕಟ್ಟುವ ದಾರಿಯು ಮಕ್ಕಳಿಗೆ ತೆರೆದೇ ಇದೆ.