ಒಂದೇ ಸಲ ಒತ್ತಿದ್ದು

ನಮ್ಮ ಕಾಲೇಜಿನ ಗ್ರಂಥಾಲಯದ ಕೌಂಟರಿನ ಮೇಲೆ ಒಂದು ವೈರ್‌ಲೆಸ್ ಮೌಸ್ ಇದೆ. ಬೂದು ಬಣ್ಣದ್ದು, ಹಲವರ ಅಂಗೈ ತಾಗಿ ತಾಗಿ ನುಣುಪಾದದ್ದು. ಹೋದ ಜೂನ್‌ನಲ್ಲಿ ಅದನ್ನು ಬಿಚ್ಚಿಸಿ, ಒಳಗಿನ ಹುಣಸೆಬೀಜದಷ್ಟು ದೊಡ್ಡ ಸ್ವಿಚ್ಚೊಂದನ್ನು ಬದಲಾಯಿಸಿದೆ. ಖರ್ಚಾದದ್ದು 80 ರೂಪಾಯಿ. ಅಲ್ಲಿಗೆ ಮುಗಿಯಬೇಕಿದ್ದ ಸಂಗತಿಯನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣ, ಅದಕ್ಕೂ ಮೂರು ತಿಂಗಳ ಮೊದಲು ನಾನು ಕಡತವೊಂದರಲ್ಲಿ ಬರೆದ ಒಂದು ಸಾಲು.

ಹಿಂದಿನ ವರ್ಷ ಜುಲೈಯಲ್ಲಿ ಒಬ್ಬ ಹುಡುಗಿ ನಮ್ಮಲ್ಲಿಗೆ ಗುತ್ತಿಗೆಯ ಮೇಲೆ ಸಹಾಯಕಿಯಾಗಿ ಬಂದಳು. ಹಳೆಯ ರಿಜಿಸ್ಟರುಗಳಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಪುಸ್ತಕದ ಹೆಸರು, ಲೇಖಕರು, ವರ್ಷ ಎಲ್ಲ ತುಂಬಿ ‘ಸೇರಿಸು’ ಎಂಬ ಗುಂಡಿಯನ್ನು ಒತ್ತಿದರೆ ತಂತ್ರಾಂಶವೇ ಒಂದು ಬಾರ್‌ಕೋಡ್ ಸಂಖ್ಯೆ ಕೊಡುತ್ತದೆ, ಪಕ್ಕದ ಪ್ರಿಂಟರಿನಿಂದ ಲೇಬಲ್ ಹೊರಬರುತ್ತದೆ. ಅದನ್ನು ಪುಸ್ತಕಕ್ಕೆ ಅಂಟಿಸಿದರೆ ಒಂದು ಪುಸ್ತಕ ಮುಗಿಯಿತು. ಅವಳು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಳು. ಹರಿದ ಪುಟ ಕಂಡರೆ ತಾನೇ ಗೋಂದು ಹಚ್ಚಿಡುತ್ತಿದ್ದಳು.

ಫೆಬ್ರವರಿಯ ದಾಸ್ತಾನು ಪರಿಶೀಲನೆಯಲ್ಲಿ ಕಂಪ್ಯೂಟರಿನ ಲೆಕ್ಕಕ್ಕೂ ಕಪಾಟಿನ ಲೆಕ್ಕಕ್ಕೂ 41 ಪುಸ್ತಕಗಳ ವ್ಯತ್ಯಾಸ ಬಂತು. ಹುಡುಕಿ ನೋಡಿದರೆ ಯಾವ ಪುಸ್ತಕವೂ ಕಳೆದುಹೋಗಿರಲಿಲ್ಲ. 41 ಪುಸ್ತಕಗಳು ಎರಡೆರಡು ಸಲ ದಾಖಲಾಗಿದ್ದವು. ಕರೆದು ಕೇಳಿದೆ.

“ನಾನು ಒಂದೇ ಸಲ ಒತ್ತಿದ್ದು ಸರ್. ಅದೇ ಎರಡು ಸಲ ತಗೊಳ್ಳುತ್ತೆ. ಮೌಸ್ ಯಾಕೋ ಸರಿಯಿಲ್ಲ.”

“ಮೌಸ್ ತಾನಾಗಿ ಒತ್ತಿಕೊಳ್ಳುತ್ತೇನಮ್ಮ?” ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಆದರೂ ನ್ಯಾಯವಾಗಿ ನಡೆದುಕೊಂಡೆ ಅನ್ನಿಸಿಕೊಳ್ಳಬೇಕಲ್ಲ, ಅವಳ ಮುಂದೆಯೇ ಮೌಸ್ ಹಿಡಿದು ಹತ್ತು ಸಲ ಒತ್ತಿ ತೋರಿಸಿದೆ. ಹತ್ತೂ ಸರಿಯಾಗಿ ಬಂದವು. ಅವಳು ಮತ್ತೇನೂ ಮಾತಾಡಲಿಲ್ಲ. ಮಾರ್ಚ್‌ನಲ್ಲಿ ಗುತ್ತಿಗೆ ನವೀಕರಣದ ಕಡತ ಬಂದಾಗ ನನ್ನ ಅಭಿಪ್ರಾಯದ ಜಾಗದಲ್ಲಿ ‘ಕೆಲಸದಲ್ಲಿ ಎಚ್ಚರ ಸಾಲದು’ ಎಂದು ಬರೆದು ಸಹಿ ಹಾಕಿದೆ. ಏಪ್ರಿಲ್‌ನಿಂದ ಅವಳು ಬರಲಿಲ್ಲ.

ಜೂನ್‌ನಲ್ಲಿ, ಬೇರೆಯವರು ಬರುವವರೆಗೆ, ಅವಳ ಕುರ್ಚಿಯಲ್ಲಿ ನಾನು ಕೂತೆ. ಮೊದಲ ವಾರದಲ್ಲೇ ಮೂರು ತೊಂದರೆಗಳು ಎದುರಾದವು. ಕರ್ಸರ್ ಒಮ್ಮೊಮ್ಮೆ ನಿಂತುಬಿಡುತ್ತಿತ್ತು. ಒಮ್ಮೊಮ್ಮೆ ತಾನಿದ್ದಲ್ಲಿಂದ ಪರದೆಯ ಮೂಲೆಗೆ ಹಾರುತ್ತಿತ್ತು. ನಾನು ಸೇರಿಸಿದ 60 ಪುಸ್ತಕಗಳಲ್ಲಿ ಎರಡು ಪುಸ್ತಕ ಎರಡೆರಡಾಗಿ ದಾಖಲಾಗಿದ್ದವು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು, “ಈ ಮೌಸ್ ಹಾಳಾಗಿದೆ.” ಹೇಳಿ ಮುಗಿಸುವ ಹೊತ್ತಿಗೆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಅವಳಿಗಾದಾಗ ಅದು ಅವಳ ತಪ್ಪು, ನನಗಾದಾಗ ಮೌಸಿನ ತಪ್ಪು. ನಡುವೆ ಬದಲಾಗಿದ್ದು ಕುರ್ಚಿಯಲ್ಲಿ ಕೂತವರು ಮಾತ್ರ.

ಈ ಸಲ ಸರಿಯಾಗಿಯೇ ಪರೀಕ್ಷಿಸೋಣ ಎಂದು ಹೊರಟೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು, ಬದಲಾಯಿಸಿ ನೋಡುವುದು. ನಮ್ಮ ತರ್ಕಶಾಸ್ತ್ರ ಇದನ್ನು ಅನ್ವಯ ಮತ್ತು ವ್ಯತಿರೇಕ ಎಂದು ಕರೆಯುತ್ತದೆ: ಇದು ಇದ್ದಾಗ ಅದು ಇರುತ್ತದೆಯೇ, ಇದು ಇಲ್ಲದಾಗ ಅದು ಇಲ್ಲವಾಗುತ್ತದೆಯೇ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ವಿಜ್ಞಾನಕ್ಕೆಂದು ವಿವರಿಸಿದ ವಿಧಾನಗಳೂ ಇದಕ್ಕೆ ಹತ್ತಿರದವೇ. ರೇಡಿಯೋ ರಿಪೇರಿ ಮಾಡುವವರು ಯಾವ ಗ್ರಂಥವನ್ನೂ ಓದದೆ ದಿನವೂ ಮಾಡುವ ಕೆಲಸ ಇದು.

ಬ್ಯಾಟರಿ ಬದಲಾಯಿಸಿದೆ; ಕರ್ಸರ್ ನಿಂತುಬಿಡುವುದು ತಪ್ಪಿತು. ಕೌಂಟರಿನ ಮೇಲೆ ಗಾಜು ಹಾಸಿದೆ. ಮೌಸಿನ ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾ ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಒಂದನ್ನೊಂದು ಹೋಲಿಸಿ, ತಾನು ಎತ್ತ ಸರಿದೆ ಎಂದು ಲೆಕ್ಕ ಹಾಕುತ್ತದೆ. ನುಣುಪಾದ ಗಾಜಿನಲ್ಲಿ ಅದಕ್ಕೆ ಗುರುತು ಹಿಡಿಯಲು ಏನೂ ಸಿಗುವುದಿಲ್ಲ. ಒಂದು ರಟ್ಟಿನ ಹಾಳೆ ಹಾಸಿದೆ. ಹಾರಾಟ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಕಾರಣ ಸಿಕ್ಕಿದ್ದು ಸಿಪಿಯುವಿನ ಬೆನ್ನಲ್ಲಿ. ಮೌಸಿನ ಪುಟ್ಟ ರಿಸೀವರನ್ನು ಯಾರೋ ಅಲ್ಲಿ, ಬ್ಯಾಕಪ್ ಹಾರ್ಡ್ ಡಿಸ್ಕಿನ ಪಕ್ಕದ ಪೋರ್ಟಿಗೆ ಚುಚ್ಚಿದ್ದರು. ಇಂಥ ಮೌಸುಗಳು 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಮಾತಾಡುತ್ತವೆ. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ ಅದೇ ತರಂಗಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಒಂದು ಪ್ರಬಂಧ ಹೊರಡಿಸಿತ್ತು. ಸಂತೆಯಲ್ಲಿ ನಿಂತು ಪಿಸುಗುಟ್ಟಿದ ಹಾಗೆ. ರಿಸೀವರನ್ನು ಒಂದು ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಹಾಕಿ ಮೇಜಿನ ಮೇಲಕ್ಕೆ ತಂದೆ. ಕರ್ಸರ್ ಸಾಧುವಾಯಿತು.

ಎರಡು ಸಲ ಒತ್ತಿಕೊಳ್ಳುವುದು ಮಾತ್ರ ಹಾಗೆಯೇ ಉಳಿಯಿತು. ಒತ್ತಿದ್ದನ್ನು ಎಣಿಸುವ ಪುಟವೊಂದನ್ನು ತೆರೆದು ಈ ಮೌಸಿನಿಂದ 200 ಸಲ ಒತ್ತಿದೆ. 205 ಎಂದು ತೋರಿಸಿತು. ಅದೇ ಕಂಪ್ಯೂಟರಿಗೆ ತಂತಿಯ ಹಳೇ ಮೌಸ್ ಹಾಕಿ 200 ಸಲ ಒತ್ತಿದೆ, 200. ವೈರ್‌ಲೆಸ್ ಮೌಸನ್ನು ಬೇರೆ ಕಂಪ್ಯೂಟರಿಗೆ ಒಯ್ದೆ, 204. ಕಂಪ್ಯೂಟರ್ ಬದಲಾದರೂ ದೋಷ ಮೌಸಿನ ಜೊತೆಗೇ ಹೋಯಿತು. ಮೌಸ್ ಬದಲಾದರೆ ಹೋಗಲಿಲ್ಲ. ಬೆರಳು ಮೂರೂ ಸಲ ನನ್ನದೇ.

ಬಸ್ ನಿಲ್ದಾಣದ ಹತ್ತಿರ ಮೊಬೈಲ್, ಟೀವಿ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರು ಮೌಸಿನ ತಳದ ಅಂಟುಪಟ್ಟಿ ಎಬ್ಬಿಸಿ, ಅದರಡಿ ಅಡಗಿದ್ದ ಸ್ಕ್ರೂ ತೆಗೆದು, ಸ್ವಿಚ್ಚಿನ ಮುಚ್ಚಳ ಬಿಚ್ಚಿ ತೋರಿಸಿದರು. ಒಳಗೆ ಉಗುರಿಗಿಂತ ಚಿಕ್ಕದಾದ ತಾಮ್ರದ ಎಸಳು. ಒತ್ತಿದಾಗ ಅದು ಬಾಗಿ ಕೆಳಗಿನ ಬಿಂದುವನ್ನು ಮುಟ್ಟುತ್ತದೆ. ಹೊಸ ಸ್ವಿಚ್ಚಿನಲ್ಲೂ ಮುಟ್ಟುವ ಕ್ಷಣದಲ್ಲಿ ಎಸಳು ಒಂದಿಷ್ಟು ಪುಟಿಯುತ್ತದಂತೆ. ಆ ಒಂದೆರಡು ಮಿಲಿಸೆಕೆಂಡಿನ ಪುಟಿತವನ್ನು ಒಳಗಿನ ಚಿಪ್ಪು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಎಸಳಿನ ಬಿಗಿ ಸಡಿಲಾದಾಗ, ಇಲ್ಲವೇ ತುದಿ ಸವೆದು ಕಿಲುಬು ಕಟ್ಟಿದಾಗ, ನಡುವೆ ಸಂಪರ್ಕ ತಪ್ಪಿ ಮತ್ತೆ ಸೇರುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಚಿಪ್ಪು ಅದನ್ನು ಎರಡನೇ ಒತ್ತು ಎಂದು ತಿಳಿಯುತ್ತದೆ. ಒಮ್ಮೊಮ್ಮೆ ಮಾತ್ರ, ಪ್ರತಿ ಸಲ ಅಲ್ಲ.

“ಇದು ಯಾವಾಗಿಂದ ಹೀಗಾಗ್ತಿದೆ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.

“ಯಾರು ಬಳಸ್ತಿದ್ರೋ ಅವರನ್ನ ಕೇಳಬೇಕಿತ್ತು ಸ್ವಾಮಿ. ನಮಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.”

ಬ್ಯಾಟರಿಗಾಗಿ ಕೌಂಟರಿನ ಡ್ರಾಯರ್ ಜಾಲಾಡಿದಾಗ ಒಂದು ಹಳೆಯ ಅಂಚೆ ಕವರ್ ಸಿಕ್ಕಿತ್ತು. ರಿಪೇರಿ ಅಂಗಡಿಯಿಂದ ಬಂದವನೇ ಅದನ್ನು ತೆರೆದೆ. ಒಳಗೆ ಹೆಚ್ಚಾಗಿ ಬಂದ 41 ಲೇಬಲ್ಲುಗಳು. ಪ್ರತಿಯೊಂದರ ಹಿಂದೆ ಪೆನ್ಸಿಲ್ಲಿನಲ್ಲಿ ದಿನಾಂಕ. ಮೊದಲನೆಯದು ಅಕ್ಟೋಬರ್ 9. ಜುಲೈ, ಆಗಸ್ಟ್, ಸೆಪ್ಟೆಂಬರಿನ ಒಂದೂ ಇಲ್ಲ. ಅದೇ ಹುಡುಗಿ, ಅದೇ ಬೆರಳು, ಅದೇ ಕೆಲಸ. ಮೂರು ತಿಂಗಳು ಒಂದು ತಪ್ಪೂ ಇಲ್ಲ. ಎಚ್ಚರ ಸಾಲದವರ ತಪ್ಪುಗಳು ಹೊಸದರಲ್ಲಿ ಹೆಚ್ಚಿದ್ದು ಆಮೇಲೆ ಕಡಿಮೆಯಾಗಬೇಕು. ಸವೆಯುವ ಸ್ವಿಚ್ಚಿನ ತಪ್ಪುಗಳು ಮೊದಲು ಇಲ್ಲದಿದ್ದು ಆಮೇಲೆ ಬರಬೇಕು. ವ್ಯತಿರೇಕದ ಪುರಾವೆಯನ್ನು ಅವಳು ದಿನಾಂಕ ಹಾಕಿ ಕವರಿನಲ್ಲಿ ಇಟ್ಟಿದ್ದಳು. ನಾನು ಆ ಕವರನ್ನು ಕೇಳಿರಲೇ ಇಲ್ಲ.

ನನ್ನ ಹತ್ತು ಸಲದ ಪರೀಕ್ಷೆಯ ಗತಿ ಏನು? ಅಕ್ಟೋಬರಿನಿಂದ ಅವಳು ಸೇರಿಸಿದ್ದು ಸುಮಾರು 1,640 ಪುಸ್ತಕ, ಎರಡಾದದ್ದು 41. ಅಂದರೆ 40 ಒತ್ತಿಗೆ ಒಂದು. ಇಂಥ ಮೌಸನ್ನು ಹತ್ತು ಸಲ ಒತ್ತಿದರೆ ಹತ್ತೂ ಸರಿಯಾಗಿ ಬರುವ ಸಾಧ್ಯತೆ ನೂರಕ್ಕೆ 78. ದೋಷವಿದ್ದರೂ ದೋಷವಿಲ್ಲವೆಂದೇ ಹೇಳುವ ಪರೀಕ್ಷೆ ಅದು. ಪರೀಕ್ಷೆ ಮಾಡದೆ ಇದ್ದಿದ್ದರೆ ನನ್ನ ತೀರ್ಮಾನ ಬರೀ ಅನುಮಾನವಾಗಿರುತ್ತಿತ್ತು; ಮಾಡಿದ್ದರಿಂದ ಅದು ‘ಸಾಬೀತಾದ ಸತ್ಯ’ವಾಗಿ ಅವಳ ಬಾಯಿ ಮುಚ್ಚಿಸಿತು. ತನಗೆ ಬೇಕಾದ ಉತ್ತರ ಬಂದ ಕೂಡಲೇ ನಿಲ್ಲಿಸಿಬಿಡುವ ವಿಚಾರಣೆಗಿಂತ ವಿಚಾರಣೆಯೇ ಇಲ್ಲದಿರುವುದು ಮೇಲು ಎಂದು ಅಂದಿನಿಂದ ಅನ್ನಿಸಿದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ‘ಮೌಸ್ ಸರಿಯಿಲ್ಲ’, ‘ನೆಟ್‌ವರ್ಕ್ ಇರಲಿಲ್ಲ’ ಎಂಬುದು ಸೋಮಾರಿಗಳ ಮಾತೂ ಹೌದು. ಹೇಳಿದ್ದನ್ನೆಲ್ಲ ನಂಬುತ್ತ ಕೂತರೆ ಕಚೇರಿ ನಡೆಯುತ್ತದೆಯೇ? ನಡೆಯುವುದಿಲ್ಲ. ಆದರೆ ಆ ಗಾದೆಯ ಚಮತ್ಕಾರ ನೋಡಿ: ಕುಣಿಯುವವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅದು ಮೊದಲೇ ತೀರ್ಮಾನಿಸಿದೆ. ನೆಲ ನಿಜಕ್ಕೂ ಡೊಂಕಿತ್ತೇ ಎಂದು ಯಾರೂ ಬಗ್ಗಿ ನೋಡಿಲ್ಲ. ನಂಬಬೇಕೋ ಬೇಡವೋ ಎಂಬ ಎರಡೇ ದಾರಿಗಳ ನಡುವೆ ಮೂರನೆಯದೊಂದಿದೆ, ಪರೀಕ್ಷಿಸುವುದು. ಆ ಪರೀಕ್ಷೆಗೆ ನನಗೆ ಬೇಕಿದ್ದದ್ದು ತಂತಿಯ ಹಳೇ ಮೌಸ್ ಮತ್ತು ಒಂದು ವಾರ. ಅದರ ಬೆಲೆ ಸೊನ್ನೆ. ಪರೀಕ್ಷಿಸದೆ ತಪ್ಪಿದರೆ ಅದರ ಬೆಲೆ ಒಬ್ಬಳ ಸಂಬಳ. ಮೊದಲನೆಯದನ್ನು ನಾನು ಕೊಡಬೇಕಿತ್ತು, ಎರಡನೆಯದನ್ನು ಅವಳು. ಬಹುಶಃ ಅದಕ್ಕೇ ನನಗೆ ಲೆಕ್ಕ ಹಾಕುವ ಅಗತ್ಯ ಕಾಣಲಿಲ್ಲ.

ನ್ಯಾಯದರ್ಶನದಲ್ಲಿ ಆಪ್ತನ ಮಾತೂ ಒಂದು ಪ್ರಮಾಣ. ಯಾರು ಆಪ್ತ? ವಿಷಯವನ್ನು ನೇರವಾಗಿ ಅರಿತು, ಅರಿತದ್ದನ್ನು ಇದ್ದಂತೆ ತಿಳಿಸುವ ಮನಸ್ಸಿನಿಂದ ಹೇಳುವವನು ಎಂಬುದು ಭಾಷ್ಯಕಾರ ವಾತ್ಸ್ಯಾಯನನ ವಿವರಣೆ. ಆ ಲಕ್ಷಣ ಋಷಿಗೆ, ಆರ್ಯನಿಗೆ, ಮ್ಲೇಚ್ಛನಿಗೆ ಸಮಾನ ಎಂದೂ ಅವನು ಸೇರಿಸುತ್ತಾನೆ. ಹೇಳುವವನ ಅಂತಸ್ತು ಅಲ್ಲಿ ಲೆಕ್ಕಕ್ಕಿಲ್ಲ, ವಿಷಯಕ್ಕೆ ಅವನೆಷ್ಟು ಹತ್ತಿರ ಎಂಬುದಷ್ಟೇ. ಆ ಮೌಸಿನ ವಿಷಯದಲ್ಲಿ ಇಡೀ ಕಾಲೇಜಿಗೆ ಒಬ್ಬಳೇ ಆಪ್ತೆ ಇದ್ದಳು. ನಾವು ಪ್ರಮಾಣವೆಂದು ಹಿಡಿದದ್ದು ಕಾಯಂ ನೌಕರಿಯವನ ಮಾತನ್ನು.

ಇದು ಸಣ್ಣ ಊರಿನ ಸಣ್ಣ ಕಥೆ ಅನ್ನಿಸಬಹುದು. ಬ್ರಿಟನ್ನಿನಲ್ಲಿ 1999ರಿಂದ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಬಂತು. ಸಬ್‌ಪೋಸ್ಟ್‌ಮಾಸ್ಟರುಗಳ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ಅದು ತೋರಿಸಿತು. ನಾವು ಹಣ ಮುಟ್ಟಿಲ್ಲ, ಕಂಪ್ಯೂಟರೇ ತಪ್ಪುತ್ತಿದೆ ಎಂದವರಲ್ಲಿ ಹಲವರಿಗೆ, ಈ ತೊಂದರೆ ನಿಮಗೊಬ್ಬರಿಗೇ ಎಂಬ ಉತ್ತರ ಸಿಕ್ಕಿತು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಜನ ನ್ಯಾಯಾಲಯಗಳಲ್ಲಿ ಅಪರಾಧಿಗಳೆನಿಸಿದ್ದರು, ಕೆಲವರು ಜೈಲು ಸೇರಿದ್ದರು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. ಸಂಸತ್ತು ಕಾಯ್ದೆ ಮಾಡಿ ಆ ತೀರ್ಪುಗಳನ್ನು ಅಳಿಸಿದ್ದು 2024ರಲ್ಲಿ. ಅಲ್ಲಿಯ ಅನ್ಯಾಯದ ಪ್ರಮಾಣ ಎಲ್ಲಿ, ಇಲ್ಲಿಯದೆಲ್ಲಿ. ಆದರೆ ಅನುಮಾನ ಹರಿಯುವ ದಿಕ್ಕು ಎರಡೂ ಕಡೆ ಒಂದೇ. ನೀರಿನ ಹಾಗೆ ಅದು ತಗ್ಗು ಹುಡುಕುತ್ತದೆ.

ಮೌಸ್ ರಿಪೇರಿಯಾದ ಮೇಲೆ ನಾನು ಇನ್ನೊಂದು ಟಿಪ್ಪಣಿ ಬರೆದು, 41 ಲೇಬಲ್ಲುಗಳ ಕವರನ್ನೂ ಲಗತ್ತಿಸಿ ಪ್ರಾಂಶುಪಾಲರಿಗೆ ಕೊಟ್ಟೆ. ಅವರು ಓದಿ, “ಈಗ ಬೇರೆಯವರನ್ನ ತಗೊಂಡಾಗಿದೆಯಲ್ಲ” ಎಂದರು. ಕಡತದಲ್ಲಿ ಈಗ ಎರಡು ಟಿಪ್ಪಣಿಗಳಿವೆ. ಮೊದಲನೆಯದಕ್ಕೆ ಪರಿಣಾಮವಿತ್ತು, ಎರಡನೆಯದಕ್ಕಿಲ್ಲ. ಸ್ವಿಚ್ಚನ್ನು ಬದಲಾಯಿಸಬಹುದು; ಬರೆದ ಸಾಲನ್ನು ಹೊಡೆದುಹಾಕಿದರೂ ಅದು ಆಗಲೇ ತನ್ನ ಕೆಲಸ ಮುಗಿಸಿರುತ್ತದೆ.

ಅವಳಿಗೆ ಫೋನ್ ಮಾಡಲು ನಾಲ್ಕು ದಿನ ತಡಮಾಡಿದೆ. ಅವಳೀಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ. ನಡೆದದ್ದನ್ನೆಲ್ಲ ಹೇಳಿ, “ತಪ್ಪು ನನ್ನದಮ್ಮ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದಳು:

“ಕೊನೆಕೊನೆಗೆ ನನಗೂ ಹಾಗೇ ಅನ್ನಿಸೋಕೆ ಶುರುವಾಗಿತ್ತು ಸರ್. ನಾನೇ ಗೊತ್ತಿಲ್ಲದೆ ಎರಡು ಸಲ ಒತ್ತುತ್ತಿದ್ದೀನೇನೋ ಅಂತ. ಇಲ್ಲೂ ಪ್ರತಿ ಬಿಲ್ಲನ್ನ ಎರಡೆರಡು ಸಲ ನೋಡ್ತೀನಿ.”

ಸಂಬಳ ಹೋದದ್ದು ಲೆಕ್ಕಕ್ಕೆ ಸಿಗುವ ನಷ್ಟ. ಈ ನಷ್ಟ ನನ್ನ ಯಾವ ಲೆಕ್ಕದಲ್ಲೂ ಇರಲಿಲ್ಲ. ಒಬ್ಬರ ಮಾತನ್ನು ನಂಬದೆ ಹೋದರೆ ಅವರು ನಮ್ಮ ಮೇಲೆ ಸಿಟ್ಟಾಗುತ್ತಾರೆ ಎಂದಷ್ಟೇ ತಿಳಿದಿದ್ದೆ. ತಮ್ಮ ಬೆರಳನ್ನೇ ನಂಬದವರಾಗುತ್ತಾರೆ ಎಂದು ತಿಳಿದಿರಲಿಲ್ಲ. ಅದಕ್ಕೆ ಯಾವ ಟಿಪ್ಪಣಿ ಬರೆಯಬೇಕೋ ಇನ್ನೂ ತೋಚಿಲ್ಲ. ಕ್ಷಮೆ ಕೇಳಿದೆ. “ಪರವಾಗಿಲ್ಲ ಸರ್, ಮೌಸ್ ಸರಿಹೋಯ್ತಲ್ಲ” ಎಂದಳು. ಅದು ಕ್ಷಮೆಯೋ, ಕಾಲೇಜಿನ ಸರ್‌ಗೆ ಹೇಳಲೇಬೇಕಾದ ಮರ್ಯಾದೆಯ ಮಾತೋ ನಾನು ಕೇಳುವ ಹಾಗಿರಲಿಲ್ಲ.

ಹೊಸದಾಗಿ ಬಂದಿರುವ ಹುಡುಗ ಮೊನ್ನೆ ಬಂದು, “ಸರ್, ಪ್ರಿಂಟರ್ ಹಾಳೆ ಎಳೀತಿಲ್ಲ” ಎಂದ. ‘ಸರಿಯಾಗಿ ಇಟ್ಟಿರಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಯಾವಾಗಿಂದ?” ಎಂದು ಕೇಳಿದೆ.